ಸಾಲಿಗೆ ಹಾಕದ ಮಾತು

ನಮ್ಮ ಶಾಲೆಯಲ್ಲಿ ಮಾರ್ಗದರ್ಶನ ಕೇಂದ್ರ ಅಂತ ಒಂದಿದೆ. ಹಿಂದೆ ಅದು ಆಟದ ಸಾಮಾನಿನ ಕೋಣೆ. ಈಗಲೂ ಅಲ್ಲಿ ಗಾಳಿ ಹೋದ ಮೂರು ವಾಲಿಬಾಲು, ಒಂದು ಹರಿದ ಬಲೆ ಮತ್ತು ನಾನು ಇದ್ದೇವೆ. ನನ್ನ ಹೆಸರು ಅಂಬುಜಾಕ್ಷಿ. ಏಳುನೂರ ಹದಿನೆಂಟು ಮಕ್ಕಳನ್ನು ಕಾಲೇಜಿಗೆ ಅಣಿ ಮಾಡುವುದು ನನ್ನ ಕೆಲಸ ಎಂದು ಬಾಗಿಲ ಮೇಲಿನ ಬೋರ್ಡು ಹೇಳುತ್ತದೆ. ಬೋರ್ಡು ಬರೆಸಿದವರು ಹೆಡ್ಮಾಸ್ಟರ್ ವೀರಭದ್ರಯ್ಯನವರು. ಅಕ್ಷರ ಹಸಿರಿರಬೇಕೋ ನೀಲಿಯಿರಬೇಕೋ ಎಂದು ಅವರು ಎರಡು ವಾರ ಯೋಚಿಸಿದರು. ಒಬ್ಬಳು ಹೆಂಗಸು ಏಳುನೂರು ಮಕ್ಕಳಿಗೆ ಏನು ಮಾಡಿಯಾಳು ಎಂದು ಎರಡು ನಿಮಿಷವೂ ಯೋಚಿಸಲಿಲ್ಲ.

ಬೇರೆ ಊರುಗಳಲ್ಲಿ ಒಂದೇ ಬುದ್ಧಿಮಾತನ್ನು ಬೆಳಗಿನಿಂದ ಸಂಜೆಯವರೆಗೆ ಬಂದವರಿಗೆಲ್ಲ ಹೇಳಬಹುದಂತೆ. ನಮ್ಮೂರಿನಲ್ಲಿ ಹಾಗಿಲ್ಲ. ಒಬ್ಬರಿಗೆ ಹೇಳಿದ ಬುದ್ಧಿಯನ್ನು ಅದೇ ಬಾಯಿ ಇನ್ನೊಬ್ಬರಿಗೆ ಹೇಳಹೊರಟರೆ ನಾಲಿಗೆ ಬೀಳುತ್ತದೆ, ಮಾರನೆಯ ಬೆಳಗಿನವರೆಗೆ ಏಳುವುದಿಲ್ಲ. ಮಾತು ತಿರುಗಿಸಿ ಹೇಳಿದರೂ, ಗಾದೆಯೊಳಗೆ ಅಡಗಿಸಿಟ್ಟರೂ ನಾಲಿಗೆಗೆ ಗೊತ್ತಾಗುತ್ತದೆ. ಪಾಠ ಹೇಳಬಹುದು, ಬೈಯಬಹುದು, ಸುಳ್ಳನ್ನಂತೂ ಧಾರಾಳವಾಗಿ ಹೇಳಬಹುದು. ಬುದ್ಧಿಮಾತು ಮಾತ್ರ ಒಂದು ಬಾಯಿಗೆ ಒಂದೇ ಸಲ. ಎಲ್ಲರನ್ನೂ ಕೂಡಿಸಿ ಒಟ್ಟಿಗೆ ಹೇಳಲು ಅಡ್ಡಿಯಿಲ್ಲ, ಆದರೆ ನೂರು ಜನಕ್ಕೆ ಹೇಳಿದ ಮಾತನ್ನು ನೂರು ಜನರೂ ಪಕ್ಕದವನಿಗೆ ಹೇಳಿದ್ದು ಅಂದುಕೊಳ್ಳುತ್ತಾರೆ. ಬರೆದು ಗೋಡೆಗೆ ಅಂಟಿಸಿದರೆ ಯಾರೂ ಓದುವುದಿಲ್ಲ. ಇವೆರಡೂ ಎಲ್ಲ ಊರುಗಳಲ್ಲೂ ಇರುವುದೇ.

ಊರು ಇದಕ್ಕೆ ಎಂದೋ ಒಗ್ಗಿಹೋಗಿದೆ. ಮದುವೆಮನೆಯಲ್ಲಿ ಹಿರಿಯರು ಮದುಮಗಳಿಗೆ ಬುದ್ಧಿ ಹೇಳಲು ಮುಗಿಬೀಳುವುದಿಲ್ಲ, ಊಟದ ಎಲೆಗೆ ಮುಗಿಬೀಳುತ್ತಾರೆ. ದೊಡ್ಡ ಸೊಸೆಗೆ ಒಂದು ಮಾತು ಹೇಳುವ ಮುಂಚೆ ಅತ್ತೆಯರು, ಇದು ಚಿಕ್ಕ ಸೊಸೆಗೆ ಹೆಚ್ಚು ಬೇಕಾದೀತೇ ಎಂದು ಮೂರು ದಿನ ಅಳೆದು ಸುರಿದು ನೋಡುತ್ತಾರೆ. ಶಾಲಾ ಸಮಿತಿಯ ಅಧ್ಯಕ್ಷರು ವರ್ಷಾವರ್ಷ ವಾರ್ಷಿಕೋತ್ಸವದಲ್ಲಿ ಕಷ್ಟಪಟ್ಟು ಓದಿ ಅನ್ನಲು ಎದ್ದು ನಿಂತು, ‘ಮಕ್ಕಳೇ’ ಅನ್ನುವಷ್ಟರಲ್ಲಿ ನಾಲಿಗೆ ಬಿದ್ದು ಕುಳಿತುಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ಅವರ ಭಾಷಣ ಅಷ್ಟೇ. ಊರಿನಲ್ಲಿ ಅವರಷ್ಟು ಮೆಚ್ಚುಗೆ ಗಳಿಸಿದ ಭಾಷಣಕಾರ ಇನ್ನೊಬ್ಬರಿಲ್ಲ. ಇನ್ನು ನಿಜಕ್ಕೂ ಒಳ್ಳೆಯದೊಂದು ಮಾತು ಯಾರಿಗಾದರೂ ಸಿಕ್ಕಿತೋ, ಅದನ್ನು ಸ್ವಂತ ಮಕ್ಕಳಿಗೆಂದು ಎತ್ತಿಡುತ್ತಾರೆ. ಹೆರವರ ಮಕ್ಕಳಿಗೆ ಯಾರೂ ಕೊಡುವುದಿಲ್ಲ.

ಇಂಥ ಊರಿನಲ್ಲಿ ನನಗೆ ಬುದ್ಧಿ ಹೇಳುವ ಕೆಲಸ ಸಿಕ್ಕಿತು. ಮೊದಲನೇ ವರ್ಷ ನಾನೂ ಹುಮ್ಮಸ್ಸಿನಲ್ಲಿದ್ದೆ. ‘ಅರ್ಜಿಯ ಹಿಂಬದಿಯನ್ನೂ ಓದು’ ಅನ್ನುವ ಬಂಗಾರದಂಥ ಮಾತನ್ನು ಒಬ್ಬ ಹುಡುಗನಿಗೆ ಕೊಟ್ಟೆ. ಅವನು ಅರ್ಜಿಯನ್ನೇ ಹಾಕದೆ ಮಾವನ ಲಾರಿ ಹತ್ತಿದ. ‘ಫೋಟೋ ಆರು ಪ್ರತಿ ತೆಗೆಸಿಟ್ಟುಕೋ’ ಅನ್ನುವುದು ಹೋಗಿ ಹೋಗಿ ಸ್ಟುಡಿಯೋ ಇಟ್ಟುಕೊಂಡವರ ಮಗಳ ಪಾಲಾಯಿತು. ಮೂರನೇ ವರ್ಷಕ್ಕೆ ನನ್ನ ಬಾಯಿ ಬರಿದಾಗಿತ್ತು. ಒಬ್ಬ ತಂದೆ ಅರ್ಧ ದಿನ ಕೆಲಸ ಬಿಟ್ಟು ಮಗನನ್ನು ಕರೆದುಕೊಂಡು ಬಂದಿದ್ದ. ಅವನ ಮುಂದೆ ಆ ಹುಡುಗನಿಗೆ ನಾನು ಹೇಳಿದ್ದು, ‘ಪೆನ್ನಿನ ಮುಚ್ಚಳ ಕಳೆಯಬೇಡ.’

“ಇಷ್ಟೇನಾ ಮೇಡಂ?” ಅಂದ ಆ ತಂದೆ.

“ಇಷ್ಟೇ,” ಅಂದೆ.

ವೀರಭದ್ರಯ್ಯನವರು ಇದಕ್ಕೂ ಪರಿಹಾರ ಕಂಡುಹಿಡಿದರು. ಒಂದು ದಪ್ಪ ರಿಜಿಸ್ಟರ್ ತರಿಸಿದರು. ಪ್ರತಿ ಮಗುವಿಗೆ ತಿಂಗಳಿಗೊಂದು ಬುದ್ಧಿಮಾತು, ಎದುರಿಗೆ ದಿನಾಂಕ, ಮಗುವಿನ ಸಹಿ.

“ಅಷ್ಟು ಬುದ್ಧಿ ಈ ಊರಲ್ಲೇ ಇಲ್ಲ ಸರ್,” ಅಂದೆ.

“ಬುದ್ಧಿ ಎಷ್ಟಿದೆ ಅಂತ ನಾನು ಕೇಳಿದ್ನೇ? ಕಾಲಂ ಖಾಲಿ ಇರಬಾರದು, ಅಷ್ಟೇ,” ಅಂದರು.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಾನು ಕಾಲಂ ತುಂಬಿಸಿದೆ, ಮಕ್ಕಳು ಸಹಿ ಹಾಕಿದರು. ಆ ವರ್ಷ ಹತ್ತನೇ ತರಗತಿಯ ನೂರ ಹನ್ನೆರಡು ಮಕ್ಕಳಲ್ಲಿ ಗುಡ್ಡದ ಕಾಲೇಜಿಗೆ ಹೋದವರು ಒಂಬತ್ತು ಜನ. ಓದು ಬಾರದೆ ನಿಂತವರು ಕಡಿಮೆ. ಒಬ್ಬಳ ಅರ್ಜಿಗೆ ಸಹಿ ಇರಲಿಲ್ಲ, ಇನ್ನೊಬ್ಬನ ಪ್ರಮಾಣಪತ್ರ ಹಳೆಯದಾಗಿತ್ತು, ನಲವತ್ತು ಜನರಿಗೆ ಕೊನೆಯ ದಿನ ಯಾವುದೆಂದೇ ಗೊತ್ತಿರಲಿಲ್ಲ. ರಿಜಿಸ್ಟರ್ ಅಂದವಾಗಿದೆ ಎಂದು ಇಲಾಖೆಯವರು ಹೆಡ್ಮಾಸ್ಟರಿಗೆ ಶಾಲು ಹೊದಿಸಿದರು.

ಅದರ ಮರುವರ್ಷ ಚೆಲುವಾಂಬ ನನ್ನ ಕೋಣೆಗೆ ಬಂದಳು. ಎಲ್ಲರೂ ಚೆಲುವಿ ಅನ್ನುತ್ತಿದ್ದರು. ಹತ್ತನೇ ತರಗತಿ, ಶಾಲೆಗೇ ಮೊದಲನೆಯವಳು. ತಾಯಿ ಸಂತೆಬೀದಿಯ ಹಿಟ್ಟಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದಳು, ಹಾಗಾಗಿ ಹುಡುಗಿಯ ಪುಸ್ತಕದ ಹಾಳೆಗಳ ನಡುವೆ ಯಾವಾಗಲೂ ರಾಗಿಹಿಟ್ಟು. ಅವಳು ಬಂದ ದಿನ ನನ್ನ ನಾಲಿಗೆ ಬಿದ್ದಿತ್ತು. ಮೈಮರೆತು ಅರ್ಜಿಯ ಹಿಂಬದಿಯ ಮಾತನ್ನು ಇನ್ನೊಬ್ಬನಿಗೆ ಹೇಳಲು ಹೋಗಿದ್ದೆ.

“ನಾಲಿಗೆ ಬಿತ್ತಾ ಟೀಚರ್?” ಅಂದಳು. ತಲೆಯಾಡಿಸಿದೆ. ಅವಳು ಒಂದು ವಾಲಿಬಾಲಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಯೋಚಿಸಿದಳು.

“ನಿಮ್ಮ ಬಾಯಲ್ಲಿ ಮುಗೀತು, ಸರಿ. ನೀವು ಹೇಳಿದೋರ ಬಾಯಲ್ಲಿ ಮುಗಿದಿಲ್ವಲ್ಲ. ಅವರು ಒಬ್ಬರಿಗೆ ಹೇಳ್ಲಿ, ಆ ಒಬ್ಬರು ಇನ್ನೊಬ್ಬರಿಗೆ ಹೇಳ್ಲಿ. ಮಿಲ್ಲಲ್ಲಿ ಮೂಟೆ ಇಳಿಸೋವಾಗ ನಾವು ಹಾಗೇ ಮಾಡೋದು. ಒಬ್ಬರೇ ಎಲ್ಲಾನೂ ಹೊತ್ರೆ ಸೊಂಟ ಹೋಗತ್ತೆ.”

ಹದಿನೈದು ವರ್ಷದ ಹುಡುಗಿ. ನೂರಾರು ವರ್ಷದ ಈ ಊರಿಗೆ, ಅದರ ಸಮಿತಿಗೆ, ಶಾಲು ಹೊದ್ದವರಿಗೆ, ಹೊದಿಸಿದವರಿಗೆ, ಬಿ.ಎಡ್. ಮಾಡಿದ ನನಗೆ ಇಷ್ಟು ಹೊಳೆದಿರಲಿಲ್ಲ. ಹೊಳೆಯದೆ ಇದ್ದದ್ದಕ್ಕೆ ಕಾರಣವೂ ಇತ್ತು. ಸಿಕ್ಕ ಬುದ್ಧಿಯನ್ನು ಪಕ್ಕದವರಿಗೆ ದಾಟಿಸುವುದು ನಮ್ಮೂರಿನಲ್ಲಿ ಯಾರೂ ಕಂಡ ಕೆಲಸವಲ್ಲ.

ಪ್ರತಿ ಬುಧವಾರ ಪ್ರಾರ್ಥನೆ ಮುಗಿದ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಹತ್ತನೇ ತರಗತಿ ಸಾಲು ನಿಲ್ಲತೊಡಗಿತು. ಹಳೆಯ ಮಾತುಗಳನ್ನು ಪಡೆದಿದ್ದ ಮಕ್ಕಳಲ್ಲಿ ಯಾರು ಸಿಕ್ಕರೋ ಅವರನ್ನು ಚೆಲುವಿ ಹಿಡಿದು ತಂದು ಸಾಲಿನ ಮುಂತುದಿಯಲ್ಲಿ ನಿಲ್ಲಿಸಿದಳು. ಲಾರಿ ಹತ್ತಿದವನನ್ನೂ ಬಿಡಲಿಲ್ಲ. ಒಂದು ಕಿವಿ, ಒಂದು ಬಾಯಿ, ಮುಂದಿನ ಕಿವಿ. ಒಬ್ಬೊಬ್ಬರಿಗೂ ಮುಖ ನೋಡಿ ಹೇಳಿದ ಮಾತಾದ್ದರಿಂದ ಯಾರೂ ಅದನ್ನು ಪಕ್ಕದವರದು ಅಂದುಕೊಳ್ಳಲಿಲ್ಲ. ಚೆಲುವಿ ಮಾತ್ರ ಸಾಲಿನ ಕಟ್ಟಕಡೆಗೆ ನಿಲ್ಲುತ್ತಿದ್ದಳು. ಹೊರಟ ಮಾತು ಹೊರಟ ಹಾಗೇ ತಲುಪಿತೇ ಎಂದು ನೋಡುವವರು ಬೇಕಲ್ಲ ಅನ್ನುತ್ತಿದ್ದಳು. ತಲುಪದಿದ್ದರೆ ಸಾಲಿನುದ್ದಕ್ಕೂ ಹಿಂದೆ ನಡೆದು ಎಲ್ಲಿ ಕೆಟ್ಟಿತು ಎಂದು ಹುಡುಕಿ ಸರಿಮಾಡುತ್ತಿದ್ದಳು. ಕೆಟ್ಟ ಮಾತು ಬುದ್ಧಿಮಾತಲ್ಲ, ಹಾಗಾಗಿ ಅದನ್ನು ಆಡಿದ ಬಾಯಿ ಸರಿಯಾದದ್ದನ್ನು ಮತ್ತೆ ಹೇಳಬಹುದಿತ್ತು. ಆ ವರ್ಷ ಅರವತ್ತಮೂರು ಅರ್ಜಿ ಒಂದು ತಪ್ಪೂ ಇಲ್ಲದೆ ಗುಡ್ಡದ ಕಾಲೇಜನ್ನು ತಲುಪಿದವು.

ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲವೆಂದು ವೀರಭದ್ರಯ್ಯನವರು ಮೊದಲು ಮುಖ ಸಿಂಡರಿಸಿದರು. ಇಲಾಖೆಯಿಂದ ಮೆಚ್ಚುಗೆಯ ಕಾಗದ ಬಂದ ಮೇಲೆ ಅದಕ್ಕೆ ‘ವೀರಭದ್ರಯ್ಯ ಮಾದರಿ’ ಎಂದು ಹೆಸರಿಟ್ಟು ಟ್ಯಾಂಕಿನ ಮೇಲೆ ಬರೆಸಿದರು. ಹಸಿರು ಅಕ್ಷರದಲ್ಲಿ. ಮಾದರಿ ನಡೆಸುವುದನ್ನು ಮಕ್ಕಳಿಗೇ ಬಿಟ್ಟು, ಅದರ ವರದಿ ಬರೆಯುವುದನ್ನು ನನಗೆ ವಹಿಸಿದರು.

ಸಾಲು ಮುರಿಯುತ್ತಲೂ ಇತ್ತು. ವಕೀಲರ ಮಗ ಒಂದು ಬುಧವಾರ ಪ್ರಮಾಣಪತ್ರದ ಮಾತನ್ನು ಕೇಳಿಸಿಕೊಂಡು, ಪಕ್ಕದ ಹುಡುಗಿಗೆ ಹೇಳದೆ ತುಟಿ ಬಿಗಿಹಿಡಿದು ನಿಂತ. ತಮ್ಮನಿಗೆ ಇಟ್ಟುಕೊಂಡು ಬಾ ಎಂದು ಅಮ್ಮ ಹೇಳಿಕೊಟ್ಟಿದ್ದಳಂತೆ. ನಾನು ಆಕೆಯನ್ನು ಶಾಲೆಗೆ ಕರೆಸಿದೆ. ರೇಷ್ಮೆ ಸೀರೆಯುಟ್ಟು ಬಂದಳು.

“ನಿಮ್ಮ ಮಗ ಎಪ್ಪತ್ತು ಜನರ ಬಾಯಿಂದ ದಾಟಿ ಬಂದದ್ದನ್ನ ತಗೊಂಡ. ಅವರೆಲ್ಲರೂ ತಮ್ಮ ತಮ್ಮಂದಿರಿಗೆ ಇಟ್ಟುಕೊಂಡಿದ್ರೆ ಅವನಿಗೆ ಬರ್ತಿತ್ತೇನ್ರೀ?” ಅಂದೆ.

“ನಮ್ಮದನ್ನ ನಾವು ನೋಡ್ಕೋಬಾರ್ದಾ ಟೀಚರ್? ನಿಮಗೂ ಒಬ್ಬಳು ಮಗಳಿದ್ದಾಳೆ,” ಅಂದಳು ಆಕೆ.

ಅವಳನ್ನು ಸಣ್ಣ ಮನಸ್ಸಿನವಳು ಅಂದೆ. ಊರು ಉದ್ಧಾರವಾಗದೆ ಇರುವುದು ನಿಮ್ಮಂಥವರಿಂದ ಅಂದೆ. ಸ್ಟಾಫ್ ರೂಮಿಗೆಲ್ಲ ಕೇಳಿಸುವ ಹಾಗೆ ಅಂದೆ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಆಕೆ ಹೇಳಿದ್ದು ನಿಜವಿತ್ತು. ನನ್ನ ಬಾಯಿ ಪೂರ್ತಿ ಬರಿದಾಗಿರಲಿಲ್ಲ. ಒಂದು ಮಾತು ಉಳಿದಿತ್ತು, ಅದನ್ನು ನಾನು ಸಾಲಿಗೆ ಹಾಕಿರಲಿಲ್ಲ.

ನಮ್ಮ ಕಡೆ ಯಾರಾದರೂ ಏನಾದರೂ ಬೇಕಾ ಎಂದು ಕೇಳಿದರೆ ಮೊದಲ ಸಲಕ್ಕೆ ಬೇಡ ಅನ್ನಬೇಕು. ಎರಡನೆಯ ಸಲಕ್ಕೂ ಪರವಾಗಿಲ್ಲ ಅನ್ನಬೇಕು. ಮೂರನೆಯ ಸಲ ಒತ್ತಾಯ ಮಾಡಿದಾಗ ಸಂಕೋಚದಿಂದ ಕೈಚಾಚಬೇಕು. ಮೊದಲೇ ಬೇಕು ಅಂದವನನ್ನು ಹೊಟ್ಟೆಬಾಕ ಅನ್ನುತ್ತಾರೆ. ಬಡವರ ಮನೆಯ ಮಕ್ಕಳಿಗಂತೂ ಇದನ್ನು ಮಾತು ಬರುವ ಮುಂಚೆಯೇ ಕಲಿಸುತ್ತಾರೆ. ಗುಡ್ಡದ ಕಾಲೇಜಿನಲ್ಲಿ ಸಂದರ್ಶನ ಮುಗಿದ ಮೇಲೆ ಮೇಜಿನ ಕೊನೆಯಲ್ಲಿ ಕುಳಿತ ಗುಮಾಸ್ತ ತಲೆಯೆತ್ತದೆ ಕೇಳುತ್ತಾನೆ, ಹಾಸ್ಟೆಲ್ ಬೇಕಾ ಎಂದು. ಅವನು ಒಂದೇ ಸಲ ಕೇಳುತ್ತಾನೆ. ಬೇಡ ಅಂದರೆ ಬೇಡ ಎಂದು ಬರೆದು ಮುಂದಿನವರನ್ನು ಕರೆಯುತ್ತಾನೆ. ಕಾಲೇಜು ನಮ್ಮೂರಿಂದ ನಾಲ್ಕು ಗಂಟೆಯ ದಾರಿ. ಹಾಸ್ಟೆಲ್ ಇಲ್ಲದ ಸೀಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ‘ಅಲ್ಲಿ ಎರಡನೇ ಸಲ ಕೇಳಲ್ಲ, ಮೊದಲನೇ ಸಲಕ್ಕೇ ಬೇಕು ಅನ್ನು’ ಎಂದು ನನ್ನ ಸೋದರತ್ತೆ ನನಗೆ ಹೇಳಿದ್ದಳು, ಅದರಿಂದಲೇ ನಾನು ಓದಿದೆ. ಊರಿನಲ್ಲಿ ಇದು ಗೊತ್ತಿದ್ದದ್ದು ಹತ್ತೋ ಹನ್ನೆರಡೋ ಮನೆಗಳಿಗೆ. ಆ ಮನೆಗಳ ಮಕ್ಕಳೇ ವರ್ಷವೂ ಹಾಸ್ಟೆಲ್ ಸೇರುತ್ತಿದ್ದರು. ಬೇಡ ಅಂದು ವಾಪಸಾದವರು ನಾಚಿಕೆಯಿಂದ ಯಾರಿಗೂ ಹೇಳುತ್ತಿರಲಿಲ್ಲ, ಮಗುವಿಗೆ ಓದು ಹತ್ತಲಿಲ್ಲ ಎಂದು ಊರು ತೀರ್ಮಾನಿಸುತ್ತಿತ್ತು.

ನನ್ನ ಮಗಳು ಮೇದಿನಿ ಆಗ ಒಂಬತ್ತನೇ ತರಗತಿಯಲ್ಲಿದ್ದಳು. ಇನ್ನೊಂದು ವರ್ಷ ಈ ಮಾತು ನನ್ನ ಬಾಯಲ್ಲಿ ಇರಲೇಬೇಕಿತ್ತು. ಸಾಲಿಗೆ ಹಾಕಿದ್ದರೆ ಮುಂದಿನ ವರ್ಷ ಹೇಗೋ ಸುತ್ತಿ ಅವಳನ್ನೂ ತಲುಪುತ್ತಿತ್ತು ಎಂಬ ಲೆಕ್ಕ ನನಗೆ ಬರುತ್ತಿರಲಿಲ್ಲ ಎಂದಲ್ಲ. ಎಲ್ಲಾದರೂ ಮುರಿದರೆ ಅನ್ನುವ ಭಯ. ಅದೂ ಪೂರ್ತಿ ನಿಜವಲ್ಲ. ಎಲ್ಲರಿಗೂ ಗೊತ್ತಾದರೆ ಹಾಸ್ಟೆಲಿನ ಕೋಣೆ ಮಗಳಿಗೆ ಉಳಿಯುತ್ತದೆಯೇ ಅನ್ನುವುದೂ ಇತ್ತು. ಸರಿಯಾಗಿ ಹೇಳಬೇಕೆಂದರೆ ಅದೇ ಇತ್ತು.

ಸಂದರ್ಶನದ ದಿನ ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಮಕ್ಕಳೆಲ್ಲ ಹತ್ತಿದ ಮೇಲೆ ಚೆಲುವಿ ಮೆಟ್ಟಿಲಿನಿಂದ ಮತ್ತೆ ಕೆಳಗಿಳಿದು ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಳು, ತಾಯಿಯ ಹಳೆಯ ಚಪ್ಪಲಿ ಹಾಕಿಕೊಂಡಿದ್ದಳು.

“ಟೀಚರ್, ಬುಧವಾರದ್ದೆಲ್ಲ ನೆನಪಿದೆ. ಅದು ಬಿಟ್ಟು ಅಲ್ಲಿ ಇನ್ನೇನಾದ್ರೂ ನೋಡ್ಕೋಬೇಕಾ? ನಮ್ಮನೇಲಿ ಯಾರೂ ಹೋದೋರಿಲ್ಲ. ನಿಮಗೆ ಗೊತ್ತಿರತ್ತೆ.”

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಕಂಡಕ್ಟರ್ ಸೀಟಿ ಊದಿದ. ನಾನು ಅವಳ ಬೆನ್ನು ತಟ್ಟಿ, “ಧೈರ್ಯವಾಗಿರು, ಎಲ್ಲ ಒಳ್ಳೇದಾಗತ್ತೆ,” ಅಂದೆ. ಇದು ಬುದ್ಧಿಮಾತಲ್ಲ. ಯಾರಿಗೆ ಎಷ್ಟು ಸಲ ಹೇಳಿದರೂ ನಾಲಿಗೆಗೆ ಏನೂ ಆಗುವುದಿಲ್ಲ.

ನಾಲ್ಕನೆಯ ದಿನ ಅವಳು ಮತ್ತೆ ಕೋಣೆಗೆ ಬಂದಳು. ಅಳುತ್ತಿರಲಿಲ್ಲ. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು.

“ಎಲ್ಲಾದಕ್ಕೂ ಉತ್ತರ ಹೇಳ್ದೆ ಟೀಚರ್. ಮೂರು ಜನಾನೂ ಚೆನ್ನಾಗಿದೆ ಅಂದ್ರು. ಆಮೇಲೆ ಗುಮಾಸ್ತರು ಹಾಸ್ಟೆಲ್ ಬೇಕಾ ಅಂದ್ರು. ಪರವಾಗಿಲ್ಲ ಸರ್ ಅಂದೆ. ಇನ್ನೊಂದ್ಸಲ ಕೇಳ್ತಾರೆ ಅಂತ ನಿಂತಿದ್ದೆ. ಅವರು ಯಾಕಮ್ಮ ನಿಂತಿದೀಯ, ಹೋಗು ಅಂದ್ರು.”

“ಮತ್ತೆ ಹೋಗಿ ಕೇಳಲಿಲ್ವೇ?”

“ಮಾರನೇ ದಿನಾನೂ ಅಲ್ಲೇ ಇದ್ದು ಕೇಳ್ದೆ. ಪಟ್ಟಿ ಮುಗೀತು ಅಂದ್ರು. ಒಂದು ವರ್ಷ ಬಿಟ್ಟೋರನ್ನ ತಗೊಳ್ಳೋದೂ ಇಲ್ವಂತೆ.” ಕಾಲಿಗೆ ಅಡ್ಡವಿದ್ದ ವಾಲಿಬಾಲನ್ನು ಪಕ್ಕಕ್ಕೆ ಸರಿಸಿ, “ನಂದೇ ತಪ್ಪು ಬಿಡಿ. ಬೇಕಿತ್ತು, ಬೇಕು ಅನ್ಬೇಕಿತ್ತು,” ಅಂದಳು.

ಅಯ್ಯೋ ಅಂದೆ. ಹೆಡ್ಮಾಸ್ಟರಿಂದ ಕಾಗದ ಬರೆಸುತ್ತೇನೆ ಅಂದೆ. ವೀರಭದ್ರಯ್ಯನವರು ತಮ್ಮ ಮಾದರಿಯ ಬಗ್ಗೆ ಎರಡು ಪುಟ, ಹುಡುಗಿಯ ಬಗ್ಗೆ ಒಂದು ಸಾಲು ಬರೆದರು. ಉತ್ತರ ಬರಲಿಲ್ಲ. ಆ ವರ್ಷ ಶಾಲೆಯಿಂದ ಹನ್ನೊಂದು ಮಕ್ಕಳು ಕಾಲೇಜು ಸೇರಿದರು, ಸೇರಬೇಕಾದವಳು ಸಂತೆಬೀದಿಯ ಮಿಲ್ಲಿನಲ್ಲಿ ತಾಯಿಯ ಪಕ್ಕ ನಿಂತಳು. ನಾನು ರಾಗಿ ಬೀಸಿಸುವ ಕೆಲಸವನ್ನು ಮೇದಿನಿಗೆ ಒಪ್ಪಿಸಿದೆ.

ಒಂದು ವರ್ಷ ಕಳೆಯಿತು. ಮೇದಿನಿಯ ಸಂದರ್ಶನದ ದಿನ ಬಂತು. ಅದೇ ಬಸ್‌ಸ್ಟ್ಯಾಂಡು, ಅದೇ ಬಸ್ಸು, ಈ ಸಲ ಎಂಬತ್ತು ಮಕ್ಕಳು. ನಾನು ಮಗಳನ್ನು ಕಿತ್ತಳೆ ಮಾರುವವಳ ಗಾಡಿಯ ಹಿಂದೆ ಕರೆದುಕೊಂಡು ಹೋದೆ. ಬೇರೆ ಮಕ್ಕಳ ಕಿವಿಗೆ ಬೀಳಬಾರದಲ್ಲ. ಅವಳ ಭುಜ ಹಿಡಿದು, ಇಷ್ಟು ವರ್ಷ ಕಾಪಾಡಿದ್ದನ್ನು ಹೇಳಿದೆ.

“ಹಾಸ್ಟೆಲ್ ಬೇಕಾ ಅಂತ ಒಂದೇ ಸಲ ಕೇಳ್ತಾರೆ. ಎರಡನೇ ಸಲ ಕೇಳಲ್ಲ. ಮೊದಲನೇ ಸಲಕ್ಕೇ ಬೇಕು ಅನ್ನು.”

“ಗೊತ್ತಮ್ಮ,” ಅಂದಳು ಮೇದಿನಿ. “ಚೆಲುವಕ್ಕ ಹೋದ ವರ್ಷವೇ ಹೇಳಿದ್ಲು, ನಾನು ಮೊದಲನೇ ಸಲ ಮಿಲ್ಲಿಗೆ ಹೋದಾಗ. ನಾನು ಸಾಲಿಗೆ ಹಾಕಿದೀನಿ. ಈ ಬಸ್ಸಲ್ಲಿರೋ ಎಲ್ರಿಗೂ ಗೊತ್ತು. ಗುಮಾಸ್ತ ಇವತ್ತು ಎಂಬತ್ತು ಸಲ ಬೇಕು ಅಂತ ಕೇಳಿಸ್ಕೋಬೇಕು. ಅಷ್ಟು ಜನ ಬೇಕು ಅಂದ್ರೆ ಮುಚ್ಚಿಟ್ಟಿರೋ ಹಳೇ ಹಾಸ್ಟೆಲ್ ಕಟ್ಟಡದ ಬೀಗ ತೆಗೀಲೇಬೇಕು ಅಂತಾಳೆ ಚೆಲುವಕ್ಕ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳ್ಬೇಡ ಅಂದಿದ್ಲು. ‘ನಿಮ್ಮಮ್ಮನಿಗೆ ಇದು ಗೊತ್ತಿರಲಿಲ್ಲ ಅನ್ಸತ್ತೆ, ಗೊತ್ತಿದ್ರೆ ಬಸ್‌ಸ್ಟ್ಯಾಂಡಲ್ಲಿ ನಾನು ಕೇಳಿದಾಗ ಹೇಳದೇ ಇರ್ತಿದ್ರಾ? ಈಗ ಗೊತ್ತಾದ್ರೆ ನೊಂದ್ಕೋತಾರೆ’ ಅಂದ್ಲು.” ಅಷ್ಟು ಹೇಳಿ ಮೇದಿನಿ ನನ್ನ ಮುಖ ನೋಡಿದಳು. “ನಿನಗೆ ಯಾವಾಗ ಗೊತ್ತಾಯ್ತಮ್ಮ?”

ಮೊನ್ನೆ ಅನ್ನಬಹುದಿತ್ತು. ಮೊದಲೇ ಹೇಳಿದೆನಲ್ಲ, ನಮ್ಮೂರಿನಲ್ಲಿ ಸುಳ್ಳಿಗೆ ಅಡ್ಡಿಯಿಲ್ಲ. ಆದರೆ ಅವಳು ನನ್ನ ಮಗಳು, ನನ್ನ ಮುಖ ಓದಬಲ್ಲಳು.

“ಇಪ್ಪತ್ತಾರು ವರ್ಷ ಆಯ್ತು,” ಅಂದೆ.

“ಹಾಗಾದ್ರೆ ಹೋದ ವರ್ಷ ಇಲ್ಲಿ ಅವಳು ಕೇಳಿದಾಗ ಗೊತ್ತಿತ್ತು.”

“ಗೊತ್ತಿತ್ತು. ನಿನಗೆ ಅಂತ ಇಟ್ಟಿದ್ದೆ.”

‘ನನಗೆ ಬೇಕಿರಲಿಲ್ಲ’ ಎಂದು ಅವಳು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಕೂಗಾಡಲಿಲ್ಲ. ಚೀಲ ಹೆಗಲಿಗೇರಿಸಿಕೊಂಡಳು. “ನಾನು ಅವಳಿಗೆ ಹೇಳಲ್ಲ. ನೀನೇ ಹೇಳು,” ಅಂದು ಹೋಗಿ ಬಸ್ಸು ಹತ್ತಿದಳು. ಹೋಗುವಾಗ ಕಿಟಕಿಯಿಂದ ಎಲ್ಲ ಮಕ್ಕಳೂ ನನಗೆ ಕೈಬೀಸಿದರು. ಅವಳು ಮುಂದೆ ನೋಡುತ್ತಿದ್ದಳು.

ಕಾಲೇಜಿನವರು ಹಳೆಯ ಕಟ್ಟಡದ ಬೀಗ ತೆಗೆದರು. ಎಪ್ಪತ್ತೊಂದು ಮಕ್ಕಳಿಗೆ ಹಾಸ್ಟೆಲ್ ಸಿಕ್ಕಿತು, ಮೇದಿನಿಗೂ ಸಿಕ್ಕಿತು. ವೀರಭದ್ರಯ್ಯನವರಿಗೆ ಇನ್ನೊಂದು ಶಾಲು ಬಂತು. ನಾನು ವಕೀಲರ ಹೆಂಡತಿಯನ್ನು ದಾರಿಯಲ್ಲಿ ಕಂಡರೆ ಈಗ ತಲೆ ತಗ್ಗಿಸುತ್ತೇನೆ, ಆಕೆಗೆ ಕಾರಣ ಗೊತ್ತಿಲ್ಲ.

ಚೆಲುವಿಗೆ ನಾನು ಹೇಳಬೇಕಾದದ್ದು ಒಂದೇ ಒಂದು ಮಾತು. ಅದು ಬುದ್ಧಿಮಾತಲ್ಲ, ಅದಕ್ಕೆ ನಾಲಿಗೆ ಬೀಳುವುದಿಲ್ಲ. ಮಿಲ್ಲು ನಮ್ಮ ಮನೆಯಿಂದ ಮೂರು ಬೀದಿ. ಮೇದಿನಿ ಹಾಸ್ಟೆಲಿಗೆ ಹೋದಾಗಿನಿಂದ, ಎರಡು ವರ್ಷದಿಂದ, ನಾನು ಅಂಗಡಿಯ ಪೊಟ್ಟಣದ ಹಿಟ್ಟು ತರುತ್ತಿದ್ದೇನೆ.